ಚಾಕು ನೋಡಿ ಸಾಣೆ ಕೊಳ್ಳಿ, ಜಾಹೀರಾತು ನೋಡಿ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಆಯುಧಪೂಜೆ ಹತ್ತಿರ ಬಂತೆಂದರೆ ಸಾಕು, ಮೊಬೈಲ್ ತೆರೆದ ಕಡೆಯೆಲ್ಲ ಚಾಕು ಹರಿತ ಮಾಡುವ ಸಾಮಾನುಗಳ ಜಾಹೀರಾತು. ಎರಡು ಸಲ ಎಳೆದರೆ ಆಯಿತು, ಟೊಮೆಟೊ ಕಾಗದದಷ್ಟು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಬೀಳುತ್ತದೆ ಎಂದು ತೋರಿಸುವ ವಿಡಿಯೋ. ನಮ್ಮ ಬೀದಿಯಲ್ಲಿ ಇದನ್ನು ನೋಡಿ ತರಿಸಿಕೊಂಡವರು ಜಾಸ್ತಿ ಆಗಿದ್ದಾರೆ. ತರಿಸಿಕೊಂಡು ಕೆಲವು ವಾರ ಎಳೆದು, ಆಮೇಲೆ ಚಾಕು ಹಿಡಿದು ನಮ್ಮ ಮನೆ ಬಾಗಿಲಿಗೆ ಬರುವವರೂ ಜಾಸ್ತಿ ಆಗಿದ್ದಾರೆ. ನಾನು ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಗ್ರೈಂಡಿಂಗ್ ಕೆಲಸ ಮಾಡಿ ನಿವೃತ್ತನಾದವನು. ಡ್ರಿಲ್, ಕಟರ್, ಉಳಿ ಎಲ್ಲಕ್ಕೂ ಸಾಣೆ ಹಿಡಿದ ಕೈ. ಅದು ಬೀದಿಗೆಲ್ಲ ಗೊತ್ತು, ಹಾಗಾಗಿ ಬರುತ್ತಾರೆ.

ಮೊನ್ನೆ ಪಕ್ಕದ ಮನೆ ಹುಡುಗಿ, "ಅಂಕಲ್, ಹೊಸ ಚಾಕು ಇದು, ದಿನಾ ಶಾರ್ಪ್ ಮಾಡ್ತೀನಿ, ಆದ್ರೂ ಈರುಳ್ಳಿ ಜಾರುತ್ತೆ" ಅಂತ ತಂದುಕೊಟ್ಟಳು. ಭೂತಗನ್ನಡಿ ಹಿಡಿದು ನೋಡಿದೆ. ಅಲಗಿನ ಬಾಯಿ ಉದ್ದಕ್ಕೂ ಕಿತ್ತು ಕಿತ್ತು ಹೋಗಿತ್ತು. ಹಿಡಿಯ ಹತ್ತಿರ ಒಂದು ಅಂಗುಲ ಸಾಣೆಯೇ ತಾಗಿಲ್ಲ. ಅದರ ಮುಂದೆ ಅಲಗು ಒಳಕ್ಕೆ ಸವೆದು ಸಣ್ಣ ಗುಳಿ ಬಿದ್ದಿದೆ. ಅಂದರೆ ಹಲಗೆಯ ಮೇಲಿಟ್ಟು ಕತ್ತರಿಸಿದರೆ ಮಧ್ಯದಲ್ಲಿ ಬೆಳಕು ಕಾಣುತ್ತದೆ, ಕೊತ್ತಂಬರಿ ಸೊಪ್ಪು ಪೂರ್ತಿ ತುಂಡಾಗದೆ ದಾರ ಕಟ್ಟಿದ ಹಾಗೆ ನೇತಾಡುತ್ತದೆ. ಚಾಕುವಿನದು ತಪ್ಪಲ್ಲ, ಹುಡುಗಿಯದೂ ಅಲ್ಲ. ಆ ಸಾಮಾನು ಮಾಡುವ ಕೆಲಸವೇ ಅದು. ಇದನ್ನು ಯಾರೂ ಕೊಳ್ಳುವ ಮೊದಲು ಹೇಳುವುದಿಲ್ಲವಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿಸಬೇಕೆನಿಸಿದರೆ ಕತ್ತರಿಸಿ, ಆದರೆ ಸಾಣೆಕಲ್ಲಿನ ಭಾಗ ಮಾತ್ರ ಉಳಿಸಿ.

ಚಾಕು ಮೊಂಡಾಗುವುದು ಎರಡು ರೀತಿ. ಒಂದು, ಅಲಗಿನ ಬಾಯಿ ಬಹಳ ತೆಳ್ಳಗಿರುವುದರಿಂದ ಗಟ್ಟಿ ಜಾಗಕ್ಕೆ ತಾಗಿ ತಾಗಿ ಒಂದು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಕಬ್ಬಿಣ ಎಲ್ಲೂ ಹೋಗಿಲ್ಲ, ಬಾಗಿದೆ ಅಷ್ಟೇ. ಇನ್ನೊಂದು, ಬಾಯಿ ನಿಜವಾಗಿಯೂ ಸವೆದು ದುಂಡಗಾಗುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡಿದರೆ ಸಾಕು, ಅದಕ್ಕೆ ಉಕ್ಕಿನ ಕಡ್ಡಿ ಇದೆ. ಮಾಂಸದ ಅಂಗಡಿಯವರು ಸೊಂಟದಲ್ಲಿ ನೇತುಹಾಕಿಕೊಂಡು ಮಧ್ಯೆ ಮಧ್ಯೆ ಸರ್ ಸರ್ ಅಂತ ಉಜ್ಜುತ್ತಾರಲ್ಲ, ಅದು. ಸವೆದದ್ದಕ್ಕೆ ಮಾತ್ರ ಲೋಹ ತೆಗೆದು ಹೊಸ ಬಾಯಿ ಮಾಡಬೇಕು, ಅದಕ್ಕೆ ಕಲ್ಲು ಬೇಕು. ಅಂಗಡಿಯಲ್ಲಿ, ಮೊಬೈಲ್‌ನಲ್ಲಿ ಇವೆರಡನ್ನೂ ಶಾರ್ಪನರ್ ಅಂತ ಒಂದೇ ಹೆಸರಲ್ಲಿ ಮಾರುತ್ತಾರೆ. ವರ್ಷಗಟ್ಟಲೆ ಮೊಂಡಾದ ಚಾಕುವನ್ನು ಕಡ್ಡಿಗೆ ಎಷ್ಟು ಉಜ್ಜಿದರೂ ಏನೂ ಆಗುವುದಿಲ್ಲ. ಆಮೇಲೆ ಕಡ್ಡಿಗೆ ಬೈಯುತ್ತಾರೆ.

ಇನ್ನು ಚಾಕು ಯಾವುದು ಅಂತ ನೋಡಬೇಕು. ನಮ್ಮ ಮನೆಗಳಲ್ಲಿ ಇರುವುದು ಹೆಚ್ಚಾಗಿ ಪ್ಲಾಸ್ಟಿಕ್ ಹಿಡಿಯ, ತೆಳುವಾದ, ಮೆತ್ತನೆ ಸ್ಟೇನ್‌ಲೆಸ್ ಉಕ್ಕಿನ ಗೇಣುದ್ದದ ಚಾಕು. ಗಡಸುತನ ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ ಇಂಥವು 50ರ ಆಸುಪಾಸಿನಿಂದ 55ರ ತನಕ ಇರುತ್ತವೆ. ಹೆಸರಾಂತ ಜರ್ಮನ್ ಚಾಕುಗಳು ಸುಮಾರು 56ರಿಂದ 58. ಜಪಾನಿನ ದುಬಾರಿ ಚಾಕುಗಳು 60 ದಾಟುತ್ತವೆ. ಮೆತ್ತನೆಯದು ಬೇಗ ಮೊಂಡಾಗುತ್ತದೆ, ಆದರೆ ಬೇಗ ಹರಿತವೂ ಆಗುತ್ತದೆ, ಬಿದ್ದರೆ ಬಾಗುತ್ತದೆಯೇ ಹೊರತು ಚಕ್ಕೆ ಏಳುವುದಿಲ್ಲ. ಗಡಸು ಉಕ್ಕು ತಿಂಗಳುಗಟ್ಟಲೆ ಹರಿತ ಉಳಿಸಿಕೊಳ್ಳುತ್ತದೆ, ಆದರೆ ತೆಂಗಿನಚಿಪ್ಪಿಗೆ ತಾಗಿದರೆ ಚಕ್ಕೆ ಎದ್ದೇ ಬಿಡುತ್ತದೆ. ಹಳೆ ಜರ್ಮನ್ ಮಾದರಿಯ ಚಾಕುಗಳಿಗೆ ಪ್ರತಿ ಪಕ್ಕ ಸುಮಾರು 20 ಡಿಗ್ರಿ ಕೋನ ಇಡುವ ರೂಢಿ, ಜಪಾನಿನವಕ್ಕೆ 15 ಅಥವಾ ಅದಕ್ಕಿಂತ ಕಡಿಮೆ. ನಮ್ಮ ಸಾಧಾರಣ ಚಾಕುವಿಗೆ 20 ಸರಿ. 15ಕ್ಕೆ ಹಿಡಿದರೆ ಮೊದಲ ದಿನ ಖುಷಿ ಆಗುತ್ತದೆ, ಉಕ್ಕು ಮೆತ್ತಗಲ್ವಾ, ವಾರದಲ್ಲಿ ಮಡಚಿಕೊಳ್ಳುತ್ತದೆ.

ಈಗ ಆ ಎಳೆಯುವ ಸಾಮಾನಿನ ವಿಷಯ. ಕೈಹಿಡಿ ಇರುತ್ತದೆ, ಎರಡು ಮೂರು ಸೀಳು ಇರುತ್ತವೆ, ಸೀಳಿನಲ್ಲಿ ಚಾಕು ಇಟ್ಟು ನಮ್ಮ ಕಡೆಗೆ ಎಳೆಯಬೇಕು. ಒರಟು ಎಂದು ಬರೆದಿರುವ ಸೀಳಿನೊಳಗೆ ಹೆಚ್ಚಾಗಿ ಟಂಗ್‌ಸ್ಟನ್ ಕಾರ್ಬೈಡ್‌ನ ಎರಡು ಬಿಲ್ಲೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೂತಿರುತ್ತವೆ. ನಾವು ಲೇತ್‌ನಲ್ಲಿ ಉಕ್ಕು ಕತ್ತರಿಸಲು ಬಳಸುತ್ತಿದ್ದ ವಸ್ತುವೇ ಅದು. ಚಾಕುವಿನ ಉಕ್ಕು ಅದರ ಮುಂದೆ ಬೆಣ್ಣೆ. ಎಳೆದಾಗ ಅದು ಉಜ್ಜುವುದಿಲ್ಲ, ಹೆರೆಯುತ್ತದೆ. ಬಾಯಿಯ ಉದ್ದಕ್ಕೇ ಹೆರೆಯುವುದರಿಂದ ಲೋಹ ಕಿತ್ತುಕೊಂಡು ಬರುತ್ತದೆ. ಸೀಳಿನ ಕೆಳಗೆ ಬಿಳಿ ಕಾಗದ ಹಾಕಿ ನಾಲ್ಕು ಸಲ ಎಳೆದು ನೋಡಿ, ಕೂದಲಿನಂಥ ಉಕ್ಕಿನ ಎಳೆಗಳು ಬೀಳುತ್ತವೆ. ಆ ಕ್ಷಣಕ್ಕೆ ಚಾಕು ಹರಿತ ಅನಿಸುತ್ತದೆ, ಯಾಕೆಂದರೆ ಬಾಯಿ ಈಗ ಗರಗಸ. ಟೊಮೆಟೊ ಸಿಪ್ಪೆ ಚೆನ್ನಾಗಿ ಹಿಡಿಯುತ್ತದೆ, ವಿಡಿಯೋಗೆ ಅಷ್ಟು ಸಾಕು. ಆ ಹಲ್ಲುಗಳು ನಿಲ್ಲುವುದಿಲ್ಲ, ಎರಡು ಮೂರು ದಿನಕ್ಕೆ ಮಡಚಿಕೊಳ್ಳುತ್ತವೆ. ಮತ್ತೆ ಎಳೆ, ಮತ್ತೆ ಲೋಹ ಹೋಗು. ಹೊಸ ಚಾಕು ವರ್ಷ ಎರಡು ವರ್ಷದಲ್ಲಿ ಅರ್ಧ ಅಗಲ ಆಗುವುದು ಹೀಗೆ. ಕಂಪನಿ ಕೊಟ್ಟ ಕೋನ ಬದಲಿಸುವ ಹಾಗಿಲ್ಲ, ಹಿಡಿಯ ಬುಡದ ಭಾಗ ಸೀಳಿಗೆ ಸಿಗುವುದಿಲ್ಲ, ಹಾಗಾಗಿ ಆ ಹುಡುಗಿಯ ಚಾಕುವಿನ ಗುಳಿ.

ಹಾಗಂತ ಇದನ್ನು ಕೊಂಡವರೆಲ್ಲ ಎಸೆದುಬಿಡಿ ಅನ್ನುವುದಿಲ್ಲ. ಕೈ ಬೆರಳು ನೋವಿನವರು, ಕಲ್ಲಿನ ಮುಂದೆ ಕೂರಲು ಸಮಯ ಇಲ್ಲದವರು ಇದ್ದಾರೆ. ಚಾಕು 60–80 ರೂಪಾಯಿಯದಾದರೆ ಅದರ ಆಯಸ್ಸಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ. ಅವರು ಒರಟು ಸೀಳನ್ನು ಮರೆತುಬಿಡಲಿ. ಬಿಳಿ ಸೆರಾಮಿಕ್ ಇರುವ ನಯದ ಸೀಳಿನಲ್ಲಿ ಮಾತ್ರ, ಒತ್ತದೆ, ಚಾಕುವಿನ ಭಾರದಲ್ಲೇ, ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಮೂರು ನಾಲ್ಕು ಸಲ ಎಳೆಯಲಿ. ಹಿಂದೆ ಮುಂದೆ ಉಜ್ಜುವುದು ಬೇಡ. ಎಳೆಯುವಾಗ ಇನ್ನೊಂದು ಕೈಯ ಹೆಬ್ಬೆರಳು ಸೀಳಿನ ಮುಂದೆ ಬರದಂತೆ ನೋಡಿಕೊಳ್ಳಿ, ಚಾಕು ತುದಿ ತಪ್ಪಿ ಹೊರಬರುವ ಕ್ಷಣದಲ್ಲೇ ಗಾಯ ಆಗುವುದು.

ಉರುಳೆ ಥರದ್ದು ಒಂದು ಬಂದಿದೆ. ಜರ್ಮನಿ ಕಡೆಯ ಉಪಾಯ, ಈಗ ಎಲ್ಲರೂ ನಕಲು ಮಾಡುತ್ತಿದ್ದಾರೆ. ಒಂದು ಮರದ ಗಟ್ಟಿಗೆ ಮ್ಯಾಗ್ನೆಟ್ ಇರುತ್ತದೆ, ಅದಕ್ಕೆ ಚಾಕು ಬಾಯಿ ಮೇಲೆ ಮಾಡಿ ಅಂಟಿಸಿ, ವಜ್ರದ ಪುಡಿ ಹಚ್ಚಿದ ಬಿಲ್ಲೆಯನ್ನು ಪಕ್ಕದಲ್ಲಿ ಉರುಳಿಸಬೇಕು. 15 ಡಿಗ್ರಿ, 20 ಡಿಗ್ರಿ ಎರಡೂ ಇರುತ್ತವೆ. ಕೋನ ತಪ್ಪುವುದಿಲ್ಲ, ಒಳ್ಳೆಯ ಯೋಚನೆ. ಎಂಟು ಅಂಗುಲದ ಅಗಲ ಚಾಕು ಇದ್ದವರಿಗೆ, ಖರ್ಚು ಮಾಡುವ ಮನಸ್ಸಿದ್ದವರಿಗೆ ಪರವಾಗಿಲ್ಲ. ನಮ್ಮ ಕಿರಿದಾದ ಅಲಗಿನ ತರಕಾರಿ ಚಾಕು ಆ ಮ್ಯಾಗ್ನೆಟ್ ಮೇಲೆ ಸರಿಯಾಗಿ ಕೂರುವುದಿಲ್ಲ. ಕರೆಂಟಿನ ಸಾಣೆ ಮನೆಗೆ ಬೇಡ. ಅಷ್ಟೇ.

ಈಗ ಕಲ್ಲು. ನನ್ನ ಕೇಳಿದರೆ ನಮ್ಮ ಬಹುತೇಕ ಮನೆಗಳಿಗೆ ಬೇಕಾದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಕಾರ್ಬೊರಂಡಮ್ ಕಲ್ಲು, ಒಂದು ಮುಖ ಒರಟು, ಇನ್ನೊಂದು ನಯ. ಎಂಟು ಅಂಗುಲ ಉದ್ದ, ಎರಡು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಬಡಗಿಗಳು ಉಳಿ ಮಸೆಯಲು ಇಟ್ಟುಕೊಂಡಿರುತ್ತಾರಲ್ಲ, ಅದೇ. ಬೆಲೆ ಊರಿಂದ ಊರಿಗೆ ಬೇರೆ, ಆದರೆ ಎಳೆಯುವ ಸಾಮಾನಿನ ಬೆಲೆಗಿಂತ ಜಾಸ್ತಿ ಏನೂ ಆಗುವುದಿಲ್ಲ, ಮತ್ತು ನಿಮ್ಮ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಬೆಂಗಳೂರಿನವರು ಎಸ್‌.ಜೆ.ಪಿ. ರಸ್ತೆಯಲ್ಲಿ ಯಾವ ಟೂಲ್ಸ್ ಅಂಗಡಿಗೆ ಹೋದರೂ ಕೊಡುತ್ತಾರೆ. ಬೇರೆ ಊರಲ್ಲಿ ಬಡಗಿಗಳು ಸಾಮಾನು ಕೊಳ್ಳುವ ಅಂಗಡಿ ಕೇಳಿ. ಪಾತ್ರೆ ಅಂಗಡಿಯಲ್ಲಿ ಕೇಳಿದರೆ ಮತ್ತೆ ಸೀಳಿನ ಸಾಮಾನೇ ಕೈಗೆ ಕೊಡುತ್ತಾರೆ.

ಕಾರ್ಬೊರಂಡಮ್ ಅಂದರೆ ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬುವವರು 1891ರಲ್ಲಿ ಬೇರೇನೋ ಮಾಡಲು ಹೋಗಿ ವಿದ್ಯುತ್ ಕುಲುಮೆಯಲ್ಲಿ ಪಡೆದ ವಸ್ತು. ನಮ್ಮ ದೇಶದಲ್ಲಿ ಚೆನ್ನೈನ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ 1954ರಿಂದ ಇದೆ, ಬಡಗಿಗಳ ಕೈಯಲ್ಲಿ ಅವರ ಕಲ್ಲು ನೋಡಿರುತ್ತೀರಿ. ಇದು ಅವರ ಪರ ಜಾಹೀರಾತಲ್ಲ, ಬೇರೆಯವರೂ ಮಾಡುತ್ತಾರೆ. ಖನಿಜಗಳ ಗಡಸುತನ ಹೇಳುವ ಮೋಸ್ ಲೆಕ್ಕದಲ್ಲಿ ವಜ್ರ 10, ಸಿಲಿಕಾನ್ ಕಾರ್ಬೈಡ್ 9 ದಾಟುತ್ತದೆ, ನಮ್ಮ ಬೆಣಚುಕಲ್ಲು 7. ಹದ ಮಾಡಿದ ಚಾಕುವಿನ ಉಕ್ಕು ಬೆಣಚುಕಲ್ಲಿಗಿಂತ ಸ್ವಲ್ಪ ಕೆಳಗೆ ಬರುತ್ತದೆ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಎಷ್ಟೋ ವಿಷಯ ತಾನಾಗಿ ಅರ್ಥ ಆಗುತ್ತದೆ. ಹಿಂದೆ ಅಜ್ಜಿಯರು ಬಾವಿಕಟ್ಟೆಗೆ, ಬಟ್ಟೆ ಒಗೆಯುವ ಕಲ್ಲಿಗೆ ಕತ್ತಿ ಮಸೆಯುತ್ತಿದ್ದರು, ಹರಿತ ಆಗುತ್ತಿತ್ತು, ಯಾಕೆಂದರೆ ಆ ಕಲ್ಲಿನಲ್ಲಿ ಬೆಣಚು ಇದೆ. ಅದೇ ಕಾರಣಕ್ಕೆ ಇವತ್ತು ಅಡುಗೆ ಕಟ್ಟೆಯ ಗ್ರಾನೈಟ್ ಮೇಲೆ ನೇರವಾಗಿ ಸೌತೆಕಾಯಿ ಹೆಚ್ಚಿದರೆ ಚಾಕು ಹಾಳಾಗುತ್ತದೆ. ಓರೆಯಾಗಿ ಉಜ್ಜಿದರೆ ಸಾಣೆ, ನೆಟ್ಟಗೆ ಕುಟ್ಟಿದರೆ ಮೊಂಡು.

ಕಲ್ಲಿನ ಮೇಲೆ ಸಂಖ್ಯೆ ಬರೆದಿದ್ದರೆ, ಸಂಖ್ಯೆ ದೊಡ್ಡದಾದಷ್ಟೂ ಕಣ ಸಣ್ಣದು, ಕಲ್ಲು ನಯ. 220ರಂಥವು ಪೂರ್ತಿ ಸತ್ತ ಚಾಕುವನ್ನು ಎಬ್ಬಿಸಲು. 1000 ದಿನಬಳಕೆಯ ಹರಿತಕ್ಕೆ. 3000, 6000 ಎಲ್ಲ ಹೊಳಪಿಗೆ, ಜಪಾನಿನ ಗಡಸು ಚಾಕುಗಳಿಗೆ. ಈಗ 1000 ಮತ್ತು 6000 ಒಂದೇ ಕಲ್ಲಿನ ಎರಡು ಮುಖ ಮಾಡಿ ಬಿದಿರಿನ ಮಣೆ ಸಮೇತ ಮಾರುತ್ತಾರೆ. ನೋಡಲು ಚಂದ, ಆದರೆ ನಮ್ಮ ಮೆತ್ತನೆ ಚಾಕುವಿಗೆ 6000ದ ಮುಖ ದಂಡ. ತುಂಬ ನಯವಾದ ಬಾಯಿ ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ, ಸ್ವಲ್ಪ ಒರಟುತನ ಇದ್ದರೇನೇ ಹಿಡಿತ. ಇಂಥ ನೀರಿನ ಕಲ್ಲೇ, ಅಂದರೆ ನೀರಲ್ಲಿ ನೆನೆಸಿ ಬಳಸುವ ಕಲ್ಲೇ, ಬೇಕು ಅನ್ನುವವರು 400 ಮತ್ತು 1000 ಇರುವುದನ್ನು ತೆಗೆದುಕೊಳ್ಳಿ. ಇನ್ನೊಂದು ಮಾತು, ಜಪಾನಿನ ಸಂಖ್ಯೆಯ ಲೆಕ್ಕ ಬೇರೆ, ಅಮೆರಿಕದ್ದು ಬೇರೆ. ಹಾರ್ಡ್‌ವೇರ್ ಅಂಗಡಿಯ ಕಲ್ಲಿನ ಮೇಲಿನ ಸಂಖ್ಯೆಯನ್ನೂ ನೀರಿನ ಕಲ್ಲಿನ ಸಂಖ್ಯೆಯನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಬೇಡಿ.

ಬಳಸುವುದು ಹೇಗೆ ಅಂತ ಹೆದರುವವರೇ ಜಾಸ್ತಿ. ಹೆದರುವಂಥದ್ದೇನೂ ಇಲ್ಲ. ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಕಲ್ಲು ಇಡಿ, ಜಾರುವುದಿಲ್ಲ. ನೀರಿನ ಕಲ್ಲಾದರೆ ಗುಳ್ಳೆ ಬರುವುದು ನಿಲ್ಲುವ ತನಕ ನೆನೆಸಿ. ಮಾಮೂಲಿ ಕಲ್ಲಾದರೆ ಮೇಲೆ ನೀರು ಚಿಮುಕಿಸುತ್ತಾ ಇದ್ದರೆ ಆಯಿತು, ಆದರೆ ಮೊದಲಿನಿಂದ ನೀರು ಹಾಕಿದ ಕಲ್ಲಿಗೆ ಮುಂದೆಯೂ ನೀರೇ, ಎಣ್ಣೆ ಹಾಕಿದ್ದಕ್ಕೆ ಎಣ್ಣೆಯೇ. ಎಣ್ಣೆ ಅಂದರೆ ಹೊಲಿಗೆ ಮಷೀನಿನ ಎಣ್ಣೆ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಹಾಕಿದರೆ ದಿನ ಕಳೆದಂತೆ ಅಂಟಾಗಿ ಕಲ್ಲಿನ ರಂಧ್ರ ಮುಚ್ಚಿಹೋಗುತ್ತದೆ. ಹಲಸಿನಹಣ್ಣು ಬಿಡಿಸಿದ ಚಾಕುವನ್ನು ಹಾಗೇ ತಂದು ಕಲ್ಲಿಗೆ ಉಜ್ಜುವವರಿದ್ದಾರೆ. ಆ ಮೇಣ ಕಲ್ಲಿನೊಳಗೆ ಇಳಿದರೆ ತೆಗೆಯುವುದು ಬಹಳ ಕಷ್ಟ. ಮೊದಲು ಚಾಕುವಿಗೆ ಅಡುಗೆ ಎಣ್ಣೆ ಸವರಿ ಮೇಣ ಬಿಡಿಸಿ, ಸೋಪು ಹಾಕಿ ತೊಳೆದು, ಒರೆಸಿ, ಆಮೇಲೆ ಕಲ್ಲಿಗೆ ಬನ್ನಿ.

20 ಡಿಗ್ರಿ ಹೇಗೆ ಗೊತ್ತಾಗಬೇಕು? ಈ ಪತ್ರಿಕೆಯ ಒಂದು ಹಾಳೆ ತೆಗೆದುಕೊಳ್ಳಿ. ಅದರ ಮೂಲೆ 90 ಡಿಗ್ರಿ. ಒಂದು ಅಂಚನ್ನು ಇನ್ನೊಂದು ಅಂಚಿಗೆ ಕೂಡಿಸಿ ಮಡಚಿದರೆ 45. ಅದನ್ನೇ ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಆ ಮೂಲೆಯನ್ನು ಕಲ್ಲಿನ ಪಕ್ಕ ನಿಲ್ಲಿಸಿ, ಚಾಕುವನ್ನು ಅದಕ್ಕಿಂತ ಒಂದು ಚೂರು ತಗ್ಗಿಸಿ ಹಿಡಿದರೆ ಸಾಕು. ಎಲ್ಲಕ್ಕಿಂತ ಮುಖ್ಯ ಶುರುವಿನಿಂದ ಕೊನೆಯ ತನಕ ಅದೇ ಓರೆ ಇರುವುದು, 20ರ ಬದಲು 19 ಆದರೆ ಯಾರೂ ಕೇಳುವುದಿಲ್ಲ. ಅನುಮಾನ ಇದ್ದರೆ ಅಲಗಿನ ಬಾಯಿಯ ಉದ್ದಕ್ಕೂ ಮಾರ್ಕರ್ ಪೆನ್ನಿನಲ್ಲಿ ಗೆರೆ ಬಳಿದು ಎರಡು ಸಲ ಉಜ್ಜಿ ನೋಡಿ. ಬಣ್ಣ ಬಾಯಿಯ ಅಂಚಿನ ತನಕ ಹೋಗಿದ್ದರೆ ಸರಿ. ಮೇಲುಗಡೆ ಮಾತ್ರ ಹೋಗಿ ಅಂಚಲ್ಲಿ ಉಳಿದಿದ್ದರೆ ಚಾಕು ಜಾಸ್ತಿ ಮಲಗಿದೆ, ಚಾಕುವಿನ ಬೆನ್ನು, ಅಂದರೆ ಬಾಯಿಯ ಎದುರಿನ ದಪ್ಪ ಅಂಚು, ಸ್ವಲ್ಪ ಎತ್ತಿ.

ಒರಟು ಮುಖದ ಮೇಲೆ ಬುಡದಿಂದ ತುದಿಯ ತನಕ ಉಜ್ಜುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಪಕ್ಕದಲ್ಲಿ ಸಣ್ಣ ತರಿ ಏಳುತ್ತದೆ, ನಾವು ಶಾಪಿನಲ್ಲಿ ಬರ್ ಅನ್ನುತ್ತೇವೆ. ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಹಗುರವಾಗಿ ಜಾರಿಸಿದರೆ ಕೊನೆಯಲ್ಲಿ ಏನೋ ತಡೆದ ಹಾಗೆ ಆಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಓಡಿಸಬೇಡಿ ಮಾರಾಯ್ರೆ. ಆ ತರಿ ಬುಡದಿಂದ ತುದಿಯ ತನಕ ಎಲ್ಲ ಕಡೆ ಬಂದ ಮೇಲೆಯೇ ಮಗುಚಿ ಇನ್ನೊಂದು ಪಕ್ಕ ಹಿಡಿಯಬೇಕು. ಜನ ಬಿಡುವುದು ಇಲ್ಲೇ. ಈ ಪಕ್ಕ ಹತ್ತು, ಆ ಪಕ್ಕ ಹತ್ತು ಅಂತ ಲೆಕ್ಕ ಮಾಡಿ ಉಜ್ಜುತ್ತಾರೆ, ತರಿ ಬಂತಾ ಅಂತ ನೋಡುವುದಿಲ್ಲ. ಲೆಕ್ಕ ಮುಗಿಯುತ್ತದೆ, ಚಾಕು ಹಾಗೇ ಇರುತ್ತದೆ. ಎರಡೂ ಪಕ್ಕ ಆದ ಮೇಲೆ ನಯದ ಮುಖದ ಮೇಲೆ ಒತ್ತಡ ಕಡಿಮೆ ಮಾಡುತ್ತಾ ಉಜ್ಜಿ, ಕೊನೆಯ ಕೆಲವು ಸಲ ಒಂದು ಪಕ್ಕ ಒಂದು ಸಲದಂತೆ ಬರೀ ಸವರಿದ ಹಾಗೆ. ಆ ಉಳಿದ ತರಿಯೂ ಬಿದ್ದುಹೋಗುತ್ತದೆ. ತೊಳೆಯದೆ ಅಡುಗೆಗೆ ಹಿಡಿಯಬೇಡಿ, ಉಕ್ಕಿನ ಪುಡಿ ಇರುತ್ತದೆ.

ಹರಿತ ಆಯಿತಾ ಅಂತ ನೋಡಲು ಮತ್ತೆ ಪತ್ರಿಕೆ. ಹಾಳೆಯ ಅಂಚನ್ನು ಗಾಳಿಯಲ್ಲಿ ಹಿಡಿದು ಚಾಕು ಎಳೆಯಿರಿ. ಹರಿಯದೆ ಕತ್ತರಿಸಿಕೊಂಡು ಹೋದರೆ ಆಯಿತು. ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಚಾಕುವಿನ ಆ ಜಾಗಕ್ಕೆ ಕಲ್ಲು ತಾಗಿಲ್ಲ.

ಕಲ್ಲಿನದು ಇನ್ನೊಂದು ಅನುಕೂಲ ಇದೆ, ಅದು ನಮ್ಮ ಮನೆಗಳಿಗೇ ವಿಶೇಷ. ಎಳೆಯುವ ಸಾಮಾನಿನಲ್ಲಿ ಚಾಕು, ಕೆಲವದರಲ್ಲಿ ಕತ್ತರಿ, ಬಿಟ್ಟು ಬೇರೇನೂ ಹೋಗುವುದಿಲ್ಲ. ನಮ್ಮಲ್ಲಿ ಈಳಿಗೆಮಣೆ ಇದೆ, ಕರಾವಳಿ ಮಲೆನಾಡಿನ ಕಡೆ ಮೆಟ್ಟುಗತ್ತಿ ಇದೆ, ತೆಂಗಿನಕಾಯಿ ಕತ್ತಿ ಇದೆ, ಹುಲ್ಲು ಕೊಯ್ಯುವ ಕುಡುಗೋಲು ಇದೆ. ಈಳಿಗೆಯ ಅಲಗು ಮಣೆಗೆ ಕೂತಿರುತ್ತದೆ, ಬಾಗಿರುತ್ತದೆ. ಅದನ್ನು ಕಲ್ಲಿನ ಹತ್ತಿರ ತರುವ ಬದಲು ಕಲ್ಲನ್ನೇ ಕೈಯಲ್ಲಿ ಹಿಡಿದು ಅಲಗಿನ ಬಾಗಿಗೆ ತಕ್ಕ ಹಾಗೆ ಸವರುತ್ತಾ ಹೋಗಬೇಕು. ಇದಕ್ಕೆ ನಾಲ್ಕು ಅಂಗುಲದ ತುಂಡು ಕಲ್ಲು ಸಾಕು. ಹಳೆ ಈಳಿಗೆಗಳು ಸ್ಟೇನ್‌ಲೆಸ್ ಅಲ್ಲ, ಬರೀ ಕಾರ್ಬನ್ ಉಕ್ಕು. ಹುಣಸೆ, ನಿಂಬೆ, ಮಾವಿನಕಾಯಿ ತಾಗಿದರೆ ಕಪ್ಪಾಗುತ್ತವೆ, ಒದ್ದೆ ಬಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು. ಆದರೆ ಹರಿತ ಹಿಡಿಯುವುದರಲ್ಲಿ ಅವನ್ನು ಮೀರಿಸಿದ್ದಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಅಂಥದ್ದು ತುಕ್ಕು ಹಿಡಿದು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ಎಮೆರಿ ಪೇಪರ್‌ನಲ್ಲಿ ತುಕ್ಕು ತೆಗೆದು ಕಲ್ಲು ಹಿಡಿಸಿ ನೋಡಿ.

ಗರಗಸದ ಹಲ್ಲಿರುವ ಚಾಕುಗಳು, ಬ್ರೆಡ್ ಕತ್ತರಿಸುವವು, ಈಗ ಟೊಮೆಟೊಗೆ ಅಂತ ಬರುವ ಚಿಕ್ಕವು, ಇವನ್ನು ಕಲ್ಲಿಗೂ ಹಿಡಿಯಬೇಡಿ, ಸೀಳಿಗೂ ಹಾಕಬೇಡಿ. ಹಲ್ಲು ಹೋಗುತ್ತವೆ. ಅಗ್ಗದವಾದರೆ ಹೊಸದು ಕೊಳ್ಳುವುದೇ ಸರಿ. ಬಿಳಿ ಸೆರಾಮಿಕ್ ಚಾಕುವಿಗೆ ವಜ್ರದ ಪುಡಿ ಹಚ್ಚಿದ ಸಾಣೆಯೇ ಬೇಕು.

ದುಡ್ಡೇ ಖರ್ಚು ಮಾಡದೆ ಆಗುವ ಒಂದು ಉಪಾಯವೂ ಇದೆ. ಉಪ್ಪಿನಕಾಯಿ ಜಾಡಿ ಅಥವಾ ಪಿಂಗಾಣಿ ಲೋಟ ಮಗುಚಿ ನೋಡಿ. ತಳದ ಸುತ್ತ ಹೊಳಪು ಹಚ್ಚದ ಒಂದು ಒರಟು ಉಂಗುರ ಇರುತ್ತದೆ. ಅದು ಸುಟ್ಟ ಸೆರಾಮಿಕ್, ನಯ ಕಲ್ಲಿನ ಕೆಲಸ ಮಾಡುತ್ತದೆ. ಹಬ್ಬದ ದಿನ ಅಡುಗೆ ಮಧ್ಯೆ ಚಾಕು ಕೈಕೊಟ್ಟರೆ ಅದರ ಮೇಲೆ ಆ ಪಕ್ಕ ಈ ಪಕ್ಕ ಸವರಿದರೆ ಅವತ್ತಿನ ಕೆಲಸ ಆಗುತ್ತದೆ. ಜಾಡಿ ಖಾಲಿ ಇರಲಿ ಮತ್ತೆ.

ಎಷ್ಟು ಹರಿತ ಬೇಕು ಅನ್ನುವುದನ್ನೂ ಯೋಚಿಸಿ. ನಮ್ಮ ಮನೆಗಳಲ್ಲಿ ಹುರುಳಿಕಾಯಿ, ಬೆಂಡೆಕಾಯಿ ಎಲ್ಲ ಹಲಗೆ ಇಲ್ಲದೆ ಕೈಯಲ್ಲೇ ಹಿಡಿದು ಹೆಬ್ಬೆರಳಿನ ಕಡೆಗೆ ಚಾಕು ಎಳೆದು ಹೆಚ್ಚುವ ರೂಢಿ. ಟಿವಿ ನೋಡುತ್ತಾ ಹೆಚ್ಚುವವರಿದ್ದಾರೆ. ಇಷ್ಟು ವರ್ಷ ಮೊಂಡು ಚಾಕುವಿಗೆ ಒಗ್ಗಿದ ಬೆರಳಿಗೆ ಒಮ್ಮೆಲೇ ಹರಿತ ಚಾಕು ಕೊಟ್ಟರೆ ಗಾಯ ಖಂಡಿತ. ಹಾಗಾಗಿ ಸಾಣೆ ಹಿಡಿದ ದಿನ ಮನೆಯವರಿಗೆಲ್ಲ ಹೇಳಿ, ಕೆಲಸಕ್ಕೆ ಬರುವ ಅಮ್ಮನಿಗೂ ಹೇಳಿ. ಪಾತ್ರೆಗಳ ಜೊತೆ ಸಿಂಕಿನ ನೊರೆಯಲ್ಲಿ ಚಾಕು ಮುಳುಗಿಸಿ ಇಡಬೇಡಿ. ಹಾಗಂತ ಮೊಂಡು ಚಾಕುವೇ ಸುರಕ್ಷಿತ ಅಂದುಕೊಳ್ಳಬೇಡಿ, ಅದಕ್ಕೆ ಒತ್ತಡ ಜಾಸ್ತಿ ಬೇಕು, ಜಾರಿದರೆ ಆಳಕ್ಕೆ ಹೋಗುತ್ತದೆ. ಈರುಳ್ಳಿ ಹೆಚ್ಚುವಾಗಲೂ ಅಷ್ಟೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2025ರಲ್ಲಿ ಕ್ಯಾಮೆರಾ ಇಟ್ಟು ನೋಡಿದ್ದಾರೆ, ಮೊಂಡು ಚಾಕುವಿನಲ್ಲಿ ಹೆಚ್ಚಿದರೆ ಈರುಳ್ಳಿಯ ರಸದ ಹನಿಗಳು ಜಾಸ್ತಿ, ಜೋರಾಗಿ ಸಿಡಿಯುತ್ತವೆ. ಕಣ್ಣುರಿಗೆ ಅದೇ ದಾರಿ.

ಕಲ್ಲು ಹಿಡಿಯುವುದು ಆಗುವುದೇ ಇಲ್ಲ ಅನ್ನುವವರಿಗೆ ಸಾಣೆಯವರು ಇದ್ದಾರೆ. ಸೈಕಲ್ ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿದು ಚಕ್ರ ತಿರುಗಿಸಿ, ಕಿಡಿ ಹಾರಿಸುತ್ತಾ ಕತ್ತರಿ ಚಾಕು ಹಿಡಿದುಕೊಡುವವರು. ಮೊದಲಿನಷ್ಟು ಬರುವುದಿಲ್ಲ, ಅಪಾರ್ಟ್‌ಮೆಂಟುಗಳಲ್ಲಿ ಗೇಟಿನ ಒಳಗೇ ಬಿಡುವುದಿಲ್ಲ. ಅವರ ಕೈಲಿ ಮಾಡಿಸುವಾಗ ಒಂದು ಮಾತು ಹೇಳಿ, ಮೆಲ್ಲಗೆ ಹಿಡಿಯಪ್ಪ, ಮಧ್ಯೆ ಮಧ್ಯೆ ನೀರಿಗೆ ಅದ್ದು ಅಂತ. ಒಣ ಚಕ್ರಕ್ಕೆ ಒತ್ತಿ ಹಿಡಿದರೆ ಬಾಯಿ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ಹಾಗೆ ನೀಲಿ ಆಯಿತೆಂದರೆ ಉಕ್ಕು ಕಡಿಮೆ ಅಂದರೂ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಂಡಿದೆ, ಅಲ್ಲಿನ ಹದ, ಅಂದರೆ ಗಡಸುತನ, ಹೋಯಿತು, ಎಷ್ಟು ಹರಿತ ಮಾಡಿದರೂ ನಿಲ್ಲುವುದಿಲ್ಲ. ವೆಲ್ಡಿಂಗ್ ಶಾಪಿನ ಹ್ಯಾಂಡ್ ಗ್ರೈಂಡರ್‌ಗಂತೂ ಕೊಡಲೇಬೇಡಿ. ಅಪಾರ್ಟ್‌ಮೆಂಟ್ ಸಂಘದವರು ತಿಂಗಳಿಗೊಂದು ಭಾನುವಾರ ಸಾಣೆಯವರನ್ನು ಕರೆಸಿ ಗೇಟಿನ ಹತ್ತಿರ ಕೂರಿಸಿದರೆ ಅವರಿಗೂ ದುಡಿಮೆ, ಎಲ್ಲರ ಚಾಕುವೂ ಆಯಿತು.

ಕೊನೆಯಲ್ಲಿ ಮಾರುವವರ ವಿಷಯ. ನಾನು ನೋಡಿದ ಎಳೆಯುವ ಸಾಮಾನುಗಳ ಡಬ್ಬಿಗಳ ಮೇಲೆ ವೃತ್ತಿಪರ, ಮೂರು ಹಂತ, ವಜ್ರ ಅಂತೆಲ್ಲ ದೊಡ್ಡದಾಗಿ ಇರುತ್ತದೆ. ಕೋನ ಎಷ್ಟು ಅಂತ ಇಲ್ಲ. ಸೀಳಿನ ಒಳಗೆ ಇರುವುದು ಕಾರ್ಬೈಡೋ ಸೆರಾಮಿಕ್ಕೋ ಅಂತಲೂ ಸ್ಪಷ್ಟ ಇಲ್ಲ. ಯಾವ ಚಾಕುವಿಗೆ ಬಳಸಬಾರದು ಅಂತ ಬರೆದಿದ್ದರೆ ಅದು ಒಳಗಿನ ಚೀಟಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಪ್ಯಾಕ್ ಮಾಡಿದ ಸಾಮಾನಿನ ಮೇಲೆ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ಗರಿಷ್ಠ ಬೆಲೆ, ಗ್ರಾಹಕರು ದೂರು ಹೇಳುವ ಸಂಪರ್ಕ, ಹೊರದೇಶದ್ದಾದರೆ ಯಾವ ದೇಶದ್ದು ಅನ್ನುವುದು ಇರಲೇಬೇಕು. ಆನ್‌ಲೈನ್‌ನಲ್ಲಿ ಮಾರಿದರೂ ತೋರಿಸಬೇಕು. ಅದೂ ಇಲ್ಲದ ಡಬ್ಬಿ ಬಂದರೆ ಫೋಟೊ ತೆಗೆದು ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು, ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ಕೋನ, ಕಣದ ಸಂಖ್ಯೆ, ಯಾವ ಉಕ್ಕಿಗೆ ಅನ್ನುವ ಮೂರು ಸಾಲು ಬರೆಯಿರಿ ಅಂತ ಆ ನಿಯಮಗಳು ಹೇಳುವುದಿಲ್ಲ. ಆದರೆ ಕೊಳ್ಳುವವರು ಕೇಳಲು ಶುರು ಮಾಡಿದರೆ ಮಾರುವವರು ಬರೆಯುತ್ತಾರೆ. ಕೊಳ್ಳುವ ಮೊದಲು ಆ ಪುಟದಲ್ಲೇ ಪ್ರಶ್ನೆ ಹಾಕುವ ಜಾಗ ಇರುತ್ತದಲ್ಲ, ಅಲ್ಲಿ ಕೇಳಿ, ಕೋನ ಎಷ್ಟು, ಒಳಗೇನಿದೆ ಅಂತ. ಉತ್ತರ ಬರದಿದ್ದರೆ ಆ ದುಡ್ಡಿಗೆ ಕಲ್ಲು ಬರುತ್ತದೆ.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ಭಾನುವಾರದ ಪುರವಣಿಯಲ್ಲಿ ಅಡುಗೆ ರೆಸಿಪಿಗೆ ಎರಡು ಪುಟ ಕೊಡುತ್ತೀರಿ. ಒಂದು ವಾರ ಅದರಲ್ಲಿ ಅರ್ಧ ಪುಟವನ್ನು ಚಾಕು, ಈಳಿಗೆ, ಕತ್ತರಿಗಳನ್ನು ನೋಡಿಕೊಳ್ಳುವುದಕ್ಕೆ ಬಿಡಿ. ಕಲ್ಲಿನ ಮೇಲೆ ಚಾಕು ಹಿಡಿಯುವ ಓರೆ ಗೊತ್ತಾಗುವ ಹಾಗೆ ಪಕ್ಕದಿಂದ ತೆಗೆದ ಒಂದು ಫೋಟೊ ಹಾಕಿ, ಅದು ಬರವಣಿಗೆಯಲ್ಲಿ ಎಷ್ಟು ಹೇಳಿದರೂ ಪೂರ್ತಿ ಬರುವುದಿಲ್ಲ.

ಇತಿ,
ನಿಮ್ಮ ಹಳೆಯ ಓದುಗ
ಬೆಂಗಳೂರು